ಸಮುದಾಯ ಕೊಠಡಿಗೆ ಎಂಥ ನೆಲ ಬೇಕು?

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಸಮುದಾಯ ಕೊಠಡಿ ಕಟ್ಟುವಾಗ ನಾವು ಮೊದಲು ನೋಡುವುದು ಟೈಲ್ಸಿನ ಹೊಳಪು. ಆದರೆ ನಮ್ಮ ಸಭೆ ನಡೆಯೋದೇ ನೆಲದ ಮೇಲೆ. ಮಲೆನಾಡಿನ ಮಳೆಗಾಲದಲ್ಲಿ ನೆಲ ಕೊರೆಯುತ್ತದೆ. ಮಂಡಿನೋವಿನ ಅಜ್ಜಿಯರು ಬರೋದೇ ಇಲ್ಲ. ಬಂದರೂ ಖಾಲಿ ಗೋಡೆಗಳ ಪ್ರತಿಧ್ವನಿಯಲ್ಲಿ ಸಾಲದ ಲೆಕ್ಕ ಕೇಳಿಸದು. ಕೇಳಿಸದೆಯೇ ಹೆಬ್ಬೆಟ್ಟು ಒತ್ತುವುದು ಸರಿಯೇ?

ಕೊರಿಯಾದ ಹಳೆಯ ಮನೆಗಳಲ್ಲಿ ಒಲೆಯ ಬಿಸಿಹೊಗೆಯನ್ನು ನೆಲಗಲ್ಲುಗಳ ಕೆಳಗೆ ಹಾಯಿಸುತ್ತಿದ್ದರು. ಇದಕ್ಕೆ 'ಒಂಡೋಲ್' ಎಂದು ಹೆಸರು. ಈಗ ಚಳಿದೇಶಗಳಲ್ಲಿ ನೆಲದಡಿ ಬಿಸಿನೀರಿನ ಪೈಪು ಹಾಕುತ್ತಾರೆ. ಕಾಂಕ್ರೀಟಿನೊಳಗೆ ಹಾಕಿದರೆ ನೆಲ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ವಾರಕ್ಕೆ ಒಂದು ಗಂಟೆ ಸೇರುವ ನಮಗೆ ಅದು ದಂಡದ ಖರ್ಚು.

ಒಂದೇ ಕೊಠಡಿಯಲ್ಲಿ ಟೈಲ್ಸೂ ಮರದ ಹಲಗೆಯೂ ಅಷ್ಟೇ ತಣ್ಣಗಿರುತ್ತವೆ. ಟೈಲ್ಸು ಕಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ. ಆದ್ದರಿಂದ ನಮಗೆ ಬೇಕಾದದ್ದು ಇಷ್ಟು:

1. ಕಾಂಕ್ರೀಟ್ ಹಾಕುವ ಮೊದಲೇ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ. ನೆಲದ ತೇವ ಮೇಲೇರದು.

2. ಮೇಲೆ ದಪ್ಪ ತೆಂಗಿನನಾರಿನ ಚಾಪೆ, ಅದರ ಮೇಲೆ ಜಮಖಾನ. ಕಾಲಿಗೆ ಬೆಚ್ಚಗೆ, ಸದ್ದೂ ಕಡಿಮೆ.

3. ಕುರ್ಚಿ ಕಾಲುಗಳಿಗೆ ರಬ್ಬರ್, ಕಿಟಕಿಗೆ ದಪ್ಪ ಪರದೆ.

ಅಂಟಿಸುವ ಕಾರ್ಪೆಟ್ ಬೇಡ. ತೇವ ಕುಡಿದು ಬೂಷ್ಟು ಹಿಡಿದರೆ ಉಬ್ಬಸದ ಮಕ್ಕಳಿಗೆ ತೊಂದರೆ. ಚಾಪೆಯಾದರೆ ಸುತ್ತಿ ಬಿಸಿಲಿಗೆ ಹಾಕಬಹುದು.

ತೀರ್ಮಾನ ಮೇಸ್ತ್ರಿಯೊಬ್ಬರದೇ ಆಗದಿರಲಿ. ಹಣ ಕೊಡುವ ಮೊದಲು ಹಿರಿಯರನ್ನು ಕೂರಿಸಿ ಕೇಳೋಣ: "ಅಮ್ಮಾ, ಕೂರೋಕೆ ಆಗುತ್ತಾ? ಹಿಂದಿನ ಸಾಲಿಗೆ ಕೇಳಿಸುತ್ತಾ?" ಅವರು ಹೂಂ ಅಂದ ಮೇಲೆ ಕೆಲಸ ಶುರು ಮಾಡೋಣ.