ತರಗಿನಲ್ಲಿ ಅಡಗಿರುವ ಇಂಧನ
(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಬ್ಬು ಕಡಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಗದ್ದೆಗಳಲ್ಲಿ ತರಗಿಗೆ ಬೆಂಕಿ ಇಡುವುದನ್ನು ನಾವೆಲ್ಲ ಕಂಡಿದ್ದೇವೆ. ಹೊಗೆ ಊರಿಗೆ, ಬೂದಿ ಗಾಳಿಗೆ. ಅದೇ ತರಗನ್ನೋ ಮರದ ಚೂರನ್ನೋ ಗಾಳಿಯಾಡದ ಪಾತ್ರೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಉರಿಯುವುದಿಲ್ಲ, ವಿಭಜನೆಯಾಗುತ್ತದೆ. ಇದೇ ಪೈರಾಲಿಸಿಸ್. ಆವಿಯನ್ನು ತಣಿಸಿದರೆ ಜೈವಿಕ ಎಣ್ಣೆ, ತಣಿಯದೆ ಉಳಿದದ್ದು ಉರಿಯುವ ಅನಿಲ, ತಳದಲ್ಲಿ ಉಳಿದದ್ದು ಇದ್ದಿಲು. ಥಟ್ಟನೆ ಕಾಯಿಸಿ ಕೂಡಲೇ ತಣಿಸಿದರೆ ಒಣ ಮರದ ತೂಕದಲ್ಲಿ ಶೇ. 60ರಿಂದ 75 ದ್ರವ ಸಿಗುತ್ತದೆ. ನಿಧಾನವಾಗಿ ಕಾಯಿಸಿದರೆ ಸುಮಾರು ಮೂರನೇ ಒಂದು ಭಾಗ ಇದ್ದಿಲು.

ಇದು ನಮ್ಮ ನಾಡಿಗೆ ಹೊಸದಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಮರದ ಇದ್ದಿಲಿನಿಂದ ಕಬ್ಬಿಣ ತೆಗೆಯಿತು. ಮರ ಕಾಯಿಸುವಾಗ ಏಳುವ ಆವಿಯನ್ನೂ ವ್ಯರ್ಥ ಮಾಡದೆ ಅಲ್ಲಿ ಮಿಥೈಲ್ ಆಲ್ಕೋಹಾಲ್, ಡಾಂಬರು ತೆಗೆದರು. ಆದರೆ ಅದಕ್ಕೆ ಕಾಡೇ ಬಲಿಯಾಗಬೇಕಿತ್ತು. ನಾವು ಕಲಿಯಬೇಕಾದದ್ದು ವಿದ್ಯೆಯನ್ನು, ಮರ ಕಡಿಯುವುದನ್ನಲ್ಲ. ನಮ್ಮಲ್ಲಿ ತರಗು, ತೆಂಗಿನ ಗರಿ, ಕರಟ, ಸಾಮಿಲ್ಲಿನ ಹೊಟ್ಟು ಇವೆಯಲ್ಲ! 2001ರಲ್ಲಿ ಮಳವಳ್ಳಿಯಲ್ಲಿ ಆರಂಭವಾದ 4.5 ಮೆಗಾವ್ಯಾಟ್ ಘಟಕ ತರಗು, ಗರಿಗಳನ್ನು ಉರಿಸಿಯೇ ವಿದ್ಯುತ್ ತಯಾರಿಸಿತು. ಅದು ಪೈರಾಲಿಸಿಸ್ ಅಲ್ಲ. ಆದರೂ ಕಸಕ್ಕೆ ಬೆಲೆಯಿದೆಯೆಂದು ತೋರಿಸಿತು.

ಅತಿಯಾಸೆ ಬೇಡ. ಈ ಎಣ್ಣೆಯಲ್ಲಿ ಕಾಲುಭಾಗದಷ್ಟು ನೀರಿರುತ್ತದೆ, ಆಮ್ಲವಿರುತ್ತದೆ. ಶಾಖ ಡೀಸೆಲ್‌ನ ಅರ್ಧಕ್ಕಿಂತ ಕಡಿಮೆ. ಬಾಯ್ಲರ್‌ಗೆ ಸರಿ, ಶುದ್ಧೀಕರಿಸದೆ ಟ್ರ್ಯಾಕ್ಟರ್‌ಗೆ ಹಾಕಿದರೆ ಇಂಜಿನ್ ಹಾಳು. ಇದ್ದಿಲನ್ನು ಪುಡಿಮಾಡಿ ಗೊಬ್ಬರದೊಡನೆ ಮಣ್ಣಿಗೆ ಸೇರಿಸಿದರೆ ತೇವವನ್ನೂ ಸಾರವನ್ನೂ ಹಿಡಿದಿಡುತ್ತದೆ. ಅದರ ಇಂಗಾಲ ನೂರಾರು ವರ್ಷ ಮಣ್ಣಿನಲ್ಲೇ ಉಳಿಯುತ್ತದೆ. ಅಮೆಜಾನ್ ಕಾಡಿನ ಮೂಲನಿವಾಸಿಗಳ ಕಪ್ಪು ಮಣ್ಣು ಇದಕ್ಕೆ ಸಾಕ್ಷಿ. ಆದರೆ ಇದ್ದಿಲು ಸಾಮಾನ್ಯವಾಗಿ ಕ್ಷಾರಗುಣದ್ದು. ನಾಲೆ ಬಯಲಿನ ಚೌಳು ಗದ್ದೆಗೆ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ. ಮಂಡ್ಯದ ವಿ.ಸಿ. ಫಾರಂನ ವಿಜ್ಞಾನಿಗಳನ್ನು ಕೇಳಿ.

ಪೋಷಕರೇ, 'ಇಸ್ರಾಫ್' ಅಂದರೆ ದುಂದುವೆಚ್ಚ. ದೀನ್ ಅದನ್ನು ಒಪ್ಪುವುದಿಲ್ಲ. ತರಗು ಸುಡುವುದು ದುಂದು. ಎಸ್.ಎಸ್.ಎಲ್.ಸಿ. ಮುಗಿದ ಕೂಡಲೇ ಮಗನನ್ನು ಗ್ಯಾರೇಜಿಗೆ ಕಳಿಸಿ, ಮಗಳನ್ನು ಮನೆಯಲ್ಲಿ ಕೂರಿಸುವುದು ಅದಕ್ಕಿಂತ ದೊಡ್ಡ ದುಂದು. ಇಂಥ ಘಟಕಗಳಿಗೆ ರಸಾಯನಶಾಸ್ತ್ರ ಬಲ್ಲವರೂ ಬೇಕು, ಯಂತ್ರ ಬಲ್ಲವರೂ ಬೇಕು. ಅವರು ನಮ್ಮ ಮನೆಗಳಿಂದಲೇ ಬರಲಿ.