ಹದಿಹರೆಯದ ವಾಚಕರಿಗೆ ಗ್ರಂಥಗಳ ಆಯ್ಕೆ



ಮಠಗಳ ಆಶ್ರಯದಲ್ಲಿ ನಡೆಯುವ ಉಚಿತ ಪ್ರಸಾದನಿಲಯಗಳಿಂದ ಕನ್ನಡ ನಾಡಿಗೆ ಆಗಿರುವ ಉಪಕಾರವು ಅಲ್ಪವಾದುದಲ್ಲ. ದೂರದ ಹಳ್ಳಿಗಳಿಂದ ಬಂದ ಬಡಮಕ್ಕಳು ಅಲ್ಲಿ ಪ್ರಸಾದವನ್ನು ಪಡೆದು, ವಿದ್ಯೆಯನ್ನು ಕಲಿತು, ಬಾಳಿನಲ್ಲಿ ನೆಲೆನಿಂತಿರುವರು. ಅನ್ನದಾಸೋಹದ ಮಗ್ಗುಲಲ್ಲಿಯೇ ಜ್ಞಾನದಾಸೋಹವೂ ನಡೆಯಬೇಕೆಂಬುದು ಹಿರಿಯರ ಆಶಯವಾಗಿದ್ದಿತು. ಆದರೆ ಅನ್ನವನ್ನು ಬಡಿಸುವಾಗ ಇರುವ ಎಚ್ಚರವು ಪುಸ್ತಕವನ್ನು ಕೊಡುವಾಗ ಇರುವುದು ಅಪರೂಪ. ಪಂಕ್ತಿಯಲ್ಲಿ ಬಡಿಸುವವನು ಎಲೆಯನ್ನು ನೋಡಿ ಬಡಿಸುತ್ತಾನೆ; ಪುಸ್ತಕವನ್ನು ಕೊಡುವವನು ಎಷ್ಟೋ ವೇಳೆ ಓದುವವನ ಮುಖವನ್ನೇ ನೋಡಿರುವುದಿಲ್ಲ. ಹದಿಮೂರರಿಂದ ಹತ್ತೊಂಬತ್ತು ವರ್ಷಗಳವರೆಗಿನ ಬಾಲಕ ಬಾಲಿಕೆಯರಿಗೆ ಎಂತಹ ಗ್ರಂಥಗಳನ್ನು, ಯಾವ ರೀತಿಯಿಂದ ಆರಿಸಿಕೊಡಬೇಕೆಂಬುದೇ ಇಂದಿನ ವಿಚಾರದ ವಿಷಯವು.

ಈ ವಯಸ್ಸಿನ ಸ್ಥಿತಿಯು ವಿಚಿತ್ರವಾದುದು. ಬಾಲ್ಯದ ಅಂಗಿಯು ಬಿಗಿಯಾಗಿರುತ್ತದೆ; ತಂದೆಯ ಅಂಗಿಯು ಇನ್ನೂ ಸಡಿಲವಾಗಿರುತ್ತದೆ. ಓದಿನ ಮಾತೂ ಹಾಗೆಯೇ. ಮಕ್ಕಳ ಚಿತ್ರಪುಸ್ತಕವನ್ನು ಗೆಳೆಯರ ಎದುರಿನಲ್ಲಿ ಹಿಡಿಯಲು ಹದಿನಾಲ್ಕರ ಹುಡುಗನಿಗೆ ನಾಚಿಕೆ. ಪ್ರೌಢಗ್ರಂಥವನ್ನು ತೆರೆದರೆ ಹತ್ತು ಪುಟಗಳಲ್ಲಿಯೇ ದಾರಿ ತಪ್ಪುತ್ತದೆ. ಇದೇ ಕಾಲಕ್ಕೆ ಹತ್ತನೆಯ ತರಗತಿಯ ಪರೀಕ್ಷೆಯು ಎದುರಿಗೆ ಬಂದು ನಿಲ್ಲುತ್ತದೆ. ಪಠ್ಯಪುಸ್ತಕ ಮತ್ತು ಗೈಡುಗಳ ಹೊರತಾದ ಓದೆಲ್ಲವೂ ಕಾಲಹರಣವೆಂದು ಮನೆಯವರು ಎಣಿಸುತ್ತಾರೆ. ಉಳಿದ ಬಿಡುವನ್ನು ಮೊಬೈಲು ನುಂಗುತ್ತದೆ. ಹೀಗೆ, ಚಿಕ್ಕಂದಿನಲ್ಲಿ ಕಥೆಗಾಗಿ ಹಾತೊರೆಯುತ್ತಿದ್ದ ಮಗುವು ಓದನ್ನೇ ಬಿಟ್ಟುಬಿಡುವುದುಂಟು. ಆಗ ಕಡಿದ ಎಳೆಯು ಮುಂದೆ ಕೂಡುವುದು ಕಷ್ಟ. ಆದುದರಿಂದ ಈ ಆರೇಳು ವರ್ಷಗಳಲ್ಲಿ ಕೈಗೆ ಬರುವ ಪುಸ್ತಕಗಳ ಮೇಲೆ ಒಂದು ಜೀವಮಾನದ ಓದು ನಿಂತಿರುತ್ತದೆ.

ಹಿರಿಯರು ಪುಸ್ತಕಗಳನ್ನು ಆರಿಸುವಾಗ ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯುತ್ತಾರೆ. ಮೊದಲನೆಯದು, ಅಪಾಯವಿಲ್ಲದ ಪುಸ್ತಕವನ್ನು ಹುಡುಕುವುದು. ಪ್ರೇಮ, ಮರಣ, ಸಂಶಯ, ಸಿಟ್ಟು, ಅನ್ಯಾಯ ಇವುಗಳಲ್ಲಿ ಯಾವುದೂ ಸುಳಿಯದ ನೀತಿಕಥೆಗಳನ್ನು ಆರಿಸಿ, ಕರ್ತವ್ಯವು ಮುಗಿಯಿತೆಂದು ತಿಳಿಯುವುದು. ಎರಡನೆಯದು, ತಮಗೆ ಪೂಜ್ಯವಾದುದನ್ನೇ ಕೊಡುವುದು. ಇವೆರಡೂ ಅಲ್ಲದ ಮೂರನೆಯದೊಂದು ಉಂಟು. ಅದನ್ನು ಆಯ್ಕೆಯೆಂದು ಕರೆಯುವುದೇ ತಪ್ಪು. ಮನೆಯಲ್ಲಿ ಬೇಡವಾದ ಹಳೆಯ ಪುಸ್ತಕಗಳ ಕಟ್ಟನ್ನು ವಿದ್ಯಾರ್ಥಿನಿಲಯಕ್ಕೆ ದಾನವಾಗಿ ಕಳುಹಿಸಿ, ಪುಣ್ಯವನ್ನು ಕಟ್ಟಿಕೊಳ್ಳುವುದೇ ಅದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಇಲ್ಲಿ ಪ್ರಮಾಣವಾಗಿ ಹೇಳುವರು. ಗಾದೆಯು ನಿಜವೇ. ಆದರೆ ತೋಟಗಾರನು ಎಳೆಯ ಗಿಡಕ್ಕೆ ಬಗ್ಗಿಸುವ ಹಗ್ಗವನ್ನಷ್ಟೇ ಕಟ್ಟುವುದಿಲ್ಲ; ಗಾಳಿಗೆ ಮುರಿಯದಂತೆ ಊರುಗೋಲನ್ನೂ ನೆಡುತ್ತಾನೆ. ಹದಿಹರೆಯದವರ ಮನಸ್ಸಿಗೆ ಬೀಸುವ ಗಾಳಿಯು ಹಿರಿಯರ ಅಪ್ಪಣೆಯನ್ನು ಕೇಳಿ ಬೀಸುವುದಿಲ್ಲ. ತನ್ನ ಮನಸ್ಸಿನಲ್ಲಿ ನಿಜವಾಗಿ ಏಳುವ ಪ್ರಶ್ನೆಗಳಿಗೆ ಕೊಟ್ಟ ಪುಸ್ತಕದಲ್ಲಿ ಸ್ಥಳವಿಲ್ಲವೆಂದು ಕಂಡಾಗ, ತರುಣನು ಹಿರಿಯರ ಎದುರಿಗೆ ಒಂದನ್ನೂ ಮರೆಯಲ್ಲಿ ಇನ್ನೊಂದನ್ನೂ ಓದಲು ಕಲಿಯುತ್ತಾನೆ. ಮರೆಯಲ್ಲಿ ಓದಿದುದನ್ನು ಕುರಿತು ಕೇಳಲು ಅವನಿಗೆ ಯಾರೂ ಇರುವುದಿಲ್ಲ. ಇಲ್ಲಿ ನಷ್ಟವಾಗುವುದು ಪುಸ್ತಕದ ಬೆಲೆಯಲ್ಲ, ಹಿರಿಯರಿಗೂ ಕಿರಿಯರಿಗೂ ನಡುವಣ ವಿಶ್ವಾಸ.

ಹಾಗಾದರೆ ಆಯ್ಕೆಯ ಮೊದಲನೆಯ ಪ್ರಶ್ನೆಯು ಯಾವುದು? ಭಾರತದ ಗ್ರಂಥಾಲಯಶಾಸ್ತ್ರಕ್ಕೆ ತಳಹದಿಯನ್ನು ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಆ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, ತಮ್ಮ ಕೊನೆಯ ವರ್ಷಗಳನ್ನು ಈ ನಾಡಿನಲ್ಲಿಯೇ ಕಳೆದ ಮಹನೀಯರು ಅವರು. ಆ ಸೂತ್ರಗಳಲ್ಲಿ ಎರಡನೆಯದು ವಾಚಕನ ಕಡೆಯಿಂದಲೂ ಮೂರನೆಯದು ಗ್ರಂಥದ ಕಡೆಯಿಂದಲೂ ಒಂದೇ ಕರ್ತವ್ಯವನ್ನು ತೋರಿಸುತ್ತವೆ: ಇಂತಹ ಓದುಗನಿಗೆ ಇಂತಹ ಪುಸ್ತಕವೆಂಬ ಜೋಡಿಯನ್ನು ಕೂಡಿಸಬೇಕು. ಒಳ್ಳೆಯ ಪುಸ್ತಕಗಳ ಪಟ್ಟಿಯೊಂದರಿಂದಲೇ ಈ ಕೆಲಸವು ಆಗುವುದಿಲ್ಲ. ಓದುವವನು ಯಾರು, ಅವನನ್ನು ಈಗ ಕಾಡುತ್ತಿರುವ ಪ್ರಶ್ನೆಯು ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಪುಸ್ತಕದ ಹೆಸರು ಆಮೇಲೆ ಬರಬೇಕು.

ಇದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. ಮಹಾತ್ಮಾ ಗಾಂಧಿಯವರ ಆತ್ಮಕಥೆಯು 1925ರಿಂದ 1929ರವರೆಗೆ ಗುಜರಾತಿ ನವಜೀವನ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಶಾಲೆಯ ಪಾಠಗಳ ಹೊರತು ಬೇರೆ ಓದಿನಲ್ಲಿ ಅವರಿಗೆ ರುಚಿಯಿರಲಿಲ್ಲವೆಂದು ಅದರಿಂದ ತಿಳಿಯುತ್ತದೆ. ಆದರೂ, ತಂದೆಯವರು ಕೊಂಡು ತಂದಿದ್ದ ಒಂದು ನಾಟಕವು ಹೇಗೋ ಅವರ ಕಣ್ಣಿಗೆ ಬಿದ್ದಿತು. ಕುರುಡ ತಾಯಿತಂದೆಗಳನ್ನು ಹೊತ್ತು ನಡೆದ ಶ್ರವಣಕುಮಾರನ ಪಿತೃಭಕ್ತಿಯ ನಾಟಕವದು. ಯಾರೂ ಓದೆಂದು ಬಲವಂತ ಮಾಡದ ಆ ಪುಸ್ತಕವನ್ನು ಬಾಲಕನು ಅತ್ಯಾಸಕ್ತಿಯಿಂದ ಓದಿದನು. ಅದರ ಮುದ್ರೆಯು ಕೊನೆಯವರೆಗೂ ಅಳಿಯಲಿಲ್ಲ.

ಎರಡನೆಯದು ಡಾಕ್ಟರ್ ಅಂಬೇಡಕರರದು. ಮನೆಯಲ್ಲಿ ಅವರ ತಂದೆಯವರು ಮಕ್ಕಳಿಂದ ರಾಮಾಯಣ ಮಹಾಭಾರತಗಳನ್ನು ಓದಿಸುತ್ತಿದ್ದರು. ಆ ಕಥೆಗಳ ವಿಷಯವಾಗಿ ಬಾಲಕನ ಮನಸ್ಸಿನಲ್ಲಿ ತೀವ್ರವಾದ ಪ್ರಶ್ನೆಗಳೇಳುತ್ತಿದ್ದವು. ಅವರು ಮುಂಬಯಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕಾಗಿ ಸಮುದಾಯದವರು ಅಭಿನಂದನ ಸಭೆಯನ್ನು ಸೇರಿಸಿದರು. ಕೃಷ್ಣಾಜಿ ಅರ್ಜುನ ಕೇಳುಸ್ಕರ ಎಂಬ ಶಿಕ್ಷಕರು, ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯ ಒಂದು ಪ್ರತಿಯನ್ನು ಅಂದು ಅವರಿಗೆ ಬಹುಮಾನವಾಗಿ ಕೊಟ್ಟರು. ಅಂಬೇಡಕರರು ನಾಗಪುರದಲ್ಲಿ ಬೌದ್ಧದೀಕ್ಷೆಯನ್ನು ಪಡೆದುದು 1956ರ ಅಕ್ಟೋಬರ್ 14ರಂದು. ಬುದ್ಧನನ್ನೂ ಆತನ ಧಮ್ಮವನ್ನೂ ಕುರಿತ ಅವರ ಮಹಾಗ್ರಂಥವು, ಅವರು ಕಾಲವಾದ ಮೇಲೆ, 1957ರಲ್ಲಿ ಪ್ರಕಟವಾಯಿತು. ಇಷ್ಟೂ ಒಂದೇ ಪುಸ್ತಕದಿಂದ ಆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ನಡುವೆ ಅರ್ಧ ಶತಮಾನದ ಅಧ್ಯಯನವೂ ಹೋರಾಟವೂ ಇವೆ. ಆದರೆ ಬೌದ್ಧಮತದ ಕಡೆಗೆ ತಮ್ಮ ಮನಸ್ಸು ತಿರುಗಿದ ಬಗೆಯನ್ನು ವಿವರಿಸುವಾಗ, ಅವರೇ ಆ ಕೊಡುಗೆಯನ್ನು ನೆನೆದಿದ್ದಾರೆ. ಕೇಳುಸ್ಕರರು ವಿದ್ಯಾರ್ಥಿಯನ್ನು ಬಲ್ಲವರಾಗಿದ್ದರು. ಕೊಟ್ಟ ಪುಸ್ತಕವನ್ನೂ ಬಲ್ಲವರಾಗಿದ್ದರು. ಒಂದು ಕಡೆ ಪುಸ್ತಕವು ಕೈಗೆಟುಕುವಂತೆ ಮನೆಯಲ್ಲಿದ್ದಿತು. ಇನ್ನೊಂದು ಕಡೆ ಪಾತ್ರವನ್ನರಿತ ಕೈಯಿಂದ ಬಂದಿತು. ಎರಡು ಕಡೆಯೂ ಓದುವುದನ್ನು ಓದುವವನಿಗೇ ಬಿಡಲಾಗಿದ್ದಿತು.

ಈ ದೃಷ್ಟಿಯಿಂದ ನೋಡಿದರೆ ಕನ್ನಡ ವಾಙ್ಮಯವು ಬಡವಾಗಿಲ್ಲ. ಲೋಕವನ್ನು ಅರಿಯಬೇಕೆಂಬ ಹಸಿವುಳ್ಳವರಿಗಾಗಿ ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಬಾಲಪ್ರಪಂಚದ ಮೂರು ಸಂಪುಟಗಳನ್ನು ಏಕಾಂಗಿಯಾಗಿ ರಚಿಸಿದರು. ಇಂತಹ ಜ್ಞಾನಗ್ರಂಥಗಳನ್ನು ಆರಿಸುವಾಗ ಮುದ್ರಣದ ವರ್ಷವನ್ನು ನೋಡುವುದು ಅವಶ್ಯ. 2006ರಲ್ಲಿ ಪ್ಲೂಟೋವನ್ನು ಗ್ರಹಗಳ ಪಂಕ್ತಿಯಿಂದ ತೆಗೆದು ಕುಬ್ಜಗ್ರಹವೆಂದು ಗಣಿಸಲಾಯಿತು. ಅದಕ್ಕೆ ಹಿಂದಿನ ಪುಸ್ತಕಗಳಲ್ಲಿ ಗ್ರಹಗಳು ಒಂಬತ್ತೇ. ಹಳೆಯ ಪುಸ್ತಕವು ಗೌರವದ ಕಪಾಟಿನಲ್ಲಿರಲಿ. ವಿಜ್ಞಾನದ ಕಪಾಟಿನಲ್ಲಿ ಹೊಸದಿರಲಿ.

ಅಂಕಗಳು ಬಾರದೆ, ತಾನು ಯಾವುದಕ್ಕೂ ಬಾರದವನೆಂದು ಕುಗ್ಗಿರುವ ಹುಡುಗನೊಬ್ಬನಿದ್ದರೆ, ಅವನ ಕೈಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ (1980) ಇರಲಿ. ಊರವರು ಲೆಕ್ಕಕ್ಕೆ ತೆಗೆದುಕೊಳ್ಳದ ಮಂದಣ್ಣನಲ್ಲಿ ಸೂಕ್ಷ್ಮವಾಗಿ ನೋಡುವ ಶಕ್ತಿಯುಂಟೆಂಬುದನ್ನು ಅಲ್ಲಿ ವಿಜ್ಞಾನಿಯು ಗುರುತಿಸುತ್ತಾನೆ. ತನ್ನ ಬಡತನಕ್ಕಾಗಿ, ತನ್ನ ಕೇರಿಗಾಗಿ ನಾಚುವ ವಿದ್ಯಾರ್ಥಿಗೆ ಸಿದ್ಧಲಿಂಗಯ್ಯನವರ ಊರುಕೇರಿಯು ಒದಗುತ್ತದೆ. ಅವಮಾನವನ್ನು ಕಂಡವನೂ ನಗಬಲ್ಲನೆಂಬುದನ್ನು ಆ ಆತ್ಮಕಥೆಯು ತೋರಿಸುತ್ತದೆ. ಬಾಲಿಕೆಯರಿಗೆ ಅಡುಗೆ ಹೊಲಿಗೆಗಳ ಪುಸ್ತಕ ಸಾಕೆಂಬ ಎಣಿಕೆಯು ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಹೆಣ್ಣಿನ ಮನಸ್ಸಿನ ನೋವನ್ನೂ ಬೇನೆಯನ್ನೂ ಮರೆಮಾಚದೆ ಬರೆದ ತ್ರಿವೇಣಿಯವರ (1928–1963) ಕಾದಂಬರಿಗಳನ್ನು, ಹದಿನೇಳು ಹದಿನೆಂಟರ ಹುಡುಗಿಯರಷ್ಟೇ ಅಲ್ಲ, ಹುಡುಗರೂ ಓದಬೇಕು. ವಚನಗಳ ವಿಷಯದಲ್ಲಿಯೂ ಒಂದು ಮಾತುಂಟು. ಫ. ಗು. ಹಳಕಟ್ಟಿಯವರು ಹಸ್ತಪ್ರತಿಗಳನ್ನು ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದುದು, ಅವನ್ನು ಬರಿಯ ಕಂಠಪಾಠದ ಸ್ಪರ್ಧೆಗೆ ಮೀಸಲಿಡುವುದಕ್ಕಾಗಿ ಅಲ್ಲ. ವಚನಗಳಲ್ಲಿ ಪ್ರಶ್ನೆಗಳಿವೆ. ಪ್ರಶ್ನೆಯನ್ನು ಕೇಳುವ ವಯಸ್ಸಿನವರಿಗೆ ಅವುಗಳನ್ನು ಪ್ರಶ್ನೆಗಳಾಗಿಯೇ ಕೊಡಬೇಕು.

ಇನ್ನು, ಕಠಿಣವಾದ ಸಂಗತಿಗಳ ಮಾತು. ಆನ್ ಫ್ರಾಂಕ್ ಎಂಬ ಯೆಹೂದಿ ಬಾಲಿಕೆಯು 1942ರಲ್ಲಿ, ತನ್ನ ಹದಿಮೂರನೆಯ ಹುಟ್ಟುಹಬ್ಬಕ್ಕೆ ದೊರೆತ ಪುಸ್ತಕದಲ್ಲಿ ದಿನಚರಿಯನ್ನು ಬರೆಯಲಾರಂಭಿಸಿದಳು. ಆಮ್‌ಸ್ಟರ್‌ಡ್ಯಾಮಿನಲ್ಲಿ ಎರಡು ವರ್ಷ ಅಡಗಿದ್ದು, ಸೆರೆಸಿಕ್ಕಿ, 1945ರಲ್ಲಿ ನಾಜಿಗಳ ಶಿಬಿರದಲ್ಲಿ ಮಡಿದಳು. ಬದುಕಿ ಉಳಿದ ತಂದೆಯು 1947ರಲ್ಲಿ ಆ ದಿನಚರಿಯನ್ನು ಪ್ರಕಟಿಸಿದನು. ಆಗ, ಅವಳು ತನ್ನ ದೇಹದ ಬೆಳವಣಿಗೆಯನ್ನು ಕುರಿತೂ ತಾಯಿಯ ಮೇಲಿನ ಸಿಟ್ಟನ್ನು ಕುರಿತೂ ಬರೆದುದರಲ್ಲಿ ಕೆಲವು ಭಾಗಗಳನ್ನು ಬಿಟ್ಟನು. ಮಗಳನ್ನು ಕಳೆದುಕೊಂಡ ತಂದೆಯ ಆ ಸಂಕೋಚವನ್ನು ಯಾರೂ ಹಳಿಯಲಾರರು. ಆದರೆ 1986ರಲ್ಲಿ ಮೂಲಪಾಠಗಳು ಶಾಸ್ತ್ರೀಯವಾಗಿ ಅಚ್ಚಾದಾಗ ಆ ಬಾಲಿಕೆಯ ಘನತೆಗೆ ಕುಂದೇನೂ ಬರಲಿಲ್ಲ. ಅವಳು ಇನ್ನಷ್ಟು ಹತ್ತಿರದವಳಾದಳು. ಹಿರಿಯರು ಬಿಡಿಸಬೇಕೆಂದು ಎಣಿಸಿದ ಪುಟಗಳು, ಹದಿಮೂರು ಹದಿನಾಲ್ಕರ ವಾಚಕಿಯು ತನ್ನನ್ನೇ ಕಾಣುವ ಪುಟಗಳಾಗಿದ್ದವು.

ಹಾಗೆಂದು ಸಿಕ್ಕಿದುದೆಲ್ಲವನ್ನೂ ಕೊಡಬಹುದೆಂದು ಅರ್ಥವಲ್ಲ. ಗ್ರಂಥದಲ್ಲಿ ಕೇಡಿನ ವರ್ಣನೆಯುಂಟೇ ಎಂಬುದನ್ನೇ ಒರೆಗಲ್ಲಾಗಿ ಹಿಡಿದರೆ ಮಹಾಭಾರತವೂ ಉಳಿಯಲಾರದು. ಆ ಗ್ರಂಥವು ಕ್ರೌರ್ಯವನ್ನು ಸವಿಯಲು ಕಲಿಸುವುದೋ, ಕ್ರೌರ್ಯಕ್ಕೆ ಗುರಿಯಾದವನ ನೋವನ್ನು ಕಾಣಲು ಕಲಿಸುವುದೋ ಎಂಬುದೇ ಸರಿಯಾದ ಪರೀಕ್ಷೆ. ಹೆಣ್ಣನ್ನೋ ಬಡವನನ್ನೋ ಅನ್ಯಮತೀಯನನ್ನೋ ಮನುಷ್ಯನೆಂದು ಎಣಿಸದ ಪುಸ್ತಕವು ಎಷ್ಟೇ ಶುದ್ಧವಾದ ಮಾತುಗಳಲ್ಲಿದ್ದರೂ ತರುಣರಿಗೆ ಅಪಥ್ಯ.

ಕಾರ್ಯರೂಪದಲ್ಲಿ ಹೇಳುವುದಾದರೆ ನಿಯಮಗಳು ಕೆಲವೇ. ಕೊಡುವವರು ಮೊದಲು ತಾವು ಓದಬೇಕು. ಓದದೆ ಕೊಟ್ಟ ಪುಸ್ತಕವು ರುಚಿ ನೋಡದೆ ಬಡಿಸಿದ ಅಡಿಗೆಯಂತೆ. ಕೊಟ್ಟ ಮೇಲೆ ಪರೀಕ್ಷೆಯನ್ನು ಮಾಡಬಾರದು. ಸಾರಾಂಶವನ್ನು ಬರೆದು ತಾ ಎಂದೊಡನೆ ಓದಿನ ಸೊಗಸು ಹಾರಿಹೋಗುತ್ತದೆ. ರುಚಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಅಧಿಕಾರವು ಓದುವವರಿಗಿರಬೇಕು. ಪುಸ್ತಕಗಳನ್ನು ಕೊಳ್ಳುವಾಗ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರನ್ನು ಅಂಗಡಿಗೆ ಕರೆದೊಯ್ದು, ಹಣದಲ್ಲಿ ಒಂದು ಭಾಗವನ್ನು ಅವರ ಆಯ್ಕೆಗೆ ಬಿಡಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಿರುವುದರಿಂದ ಕನ್ನಡದ ಓದು ನಿಧಾನವಾಗಿರುವವರಿಗೆ, ರಾತ್ರಿಯ ಪ್ರಸಾದದ ತರುವಾಯ ಅರ್ಧ ಗಂಟೆ ಯಾರಾದರೊಬ್ಬರು ಒಳ್ಳೆಯ ಕಥೆಯನ್ನು ಗಟ್ಟಿಯಾಗಿ ಓದಬೇಕು. ಕಿವಿಗೆ ಹತ್ತಿದ ಭಾಷೆಯು ಬೇಗನೆ ಕಣ್ಣಿಗೂ ಹತ್ತುತ್ತದೆ.

ಎಲ್ಲಕ್ಕೂ ಮಿಗಿಲಾಗಿ ಕಪಾಟಿಗೆ ಬೀಗವಿರಬಾರದು. ಪುಸ್ತಕಗಳು ಕಳೆಯುತ್ತವೆ, ಹರಿಯುತ್ತವೆ ಎಂಬ ಭಯದಿಂದ ಗಾಜಿನ ಹಿಂದೆ ಕೂಡಿಟ್ಟ ಗ್ರಂಥಗಳು ಎಷ್ಟೋ ಕಡೆ ಗೆದ್ದಲಿಗೆ ಆಹಾರವಾಗಿವೆ. ವರ್ಷದ ಕೊನೆಯಲ್ಲಿ ಹತ್ತು ಪುಸ್ತಕಗಳು ಲೆಕ್ಕಕ್ಕೆ ಸಿಗದೆ ಹೋದರೆ, ಮೇಲ್ವಿಚಾರಕರು ಅದನ್ನು ನಷ್ಟದ ಕಲಮಿನಲ್ಲಿಯೇ ಬರೆಯಬೇಕಾದೀತು; ಆದರೆ ಒಂದು ಪುಸ್ತಕವೂ ಅಲುಗದೆ, ಹೊಸದರಂತೆಯೇ ಉಳಿದಿದ್ದರೆ, ಆ ನಷ್ಟವನ್ನು ಬರೆಯಲು ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಲಮು ಇರುವುದಿಲ್ಲ. ಈ ಮಹೋತ್ಸವದ ಸ್ಮರಣೆಗಾಗಿ ಗ್ರಂಥದಾನವನ್ನು ಸಂಕಲ್ಪಿಸುವ ದಾನಿಗಳು, ಪುಸ್ತಕದ ಮೇಲೆ ತಮ್ಮ ಹೆಸರನ್ನು ಬರೆಯಿಸುವುದಕ್ಕೆ ಮುಂಚೆ, ಅದನ್ನು ಓದಲಿರುವ ಹುಡುಗನ ಅಥವಾ ಹುಡುಗಿಯ ಹೆಸರನ್ನು ಕೇಳಿ ತಿಳಿದುಕೊಂಡರೆ ಆ ದಾನವು ಸತ್ಪಾತ್ರಕ್ಕೆ ಸಲ್ಲುವುದು.