ಜಾಲಪುಟದ ಮೊದಲ ಪಾಠ

ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಅಂತರ್ಜಾಲವನ್ನೂ ಜಾಲತಾಣ ನಿರ್ಮಾಣವನ್ನೂ ಪರಿಚಯಿಸುವ ಪಾಠವೊಂದನ್ನು ನಾನು ಹೇಳುತ್ತಿದ್ದೇನೆ. ಮೀನಿನ ಮರಿಗೆ ಈಜು ಕಲಿಸುವುದುಂಟೆ ಎಂದು ಸ್ನೇಹಿತರು ನಗುತ್ತಾರೆ. ಹುಟ್ಟಿದಂದಿನಿಂದ ಅಂತರ್ಜಾಲದ ನಡುವೆಯೇ ಬೆಳೆದ ಮಕ್ಕಳಿಗೆ ಅದರ ಪರಿಚಯವೇಕೆ ಎಂಬುದು ಅವರ ಪ್ರಶ್ನೆ. ಆದರೆ ಈಜಬಲ್ಲ ಮೀನಿಗೆ ನೀರಿನ ಗುಣ ತಿಳಿದಿರಲೇಬೇಕೆಂಬ ನಿಯಮವಿಲ್ಲ. ದಿನಕ್ಕೆ ನೂರು ಪುಟಗಳನ್ನು ಬೆರಳಿನಿಂದ ಸರಿಸುವ ವಿದ್ಯಾರ್ಥಿಯನ್ನು, ಅಂಥದೊಂದು ಪುಟ ಯಾವುದರಿಂದ ಆಗಿದೆಯೆಂದು ಕೇಳಿದರೆ ಮೌನವೇ ಉತ್ತರ. ಆ ಮೌನದಿಂದಲೇ ನನ್ನ ಪಾಠ ತೊಡಗುತ್ತದೆ.

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಬೇಕಾಗುತ್ತದೆ. ಅಂತರ್ಜಾಲ ಬೇರೆ, ನಾವು ವೆಬ್ ಎಂದು ಕರೆಯುವ ಜಾಲಪುಟಗಳ ಲೋಕ ಬೇರೆ. ಅಂತರ್ಜಾಲವೆಂಬುದು ಕಂಪ್ಯೂಟರುಗಳ ನಡುವಣ ಹೆದ್ದಾರಿ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಜಾಲವು ಟಿಸಿಪಿ/ಐಪಿ ಎಂಬ ಸಂವಹನ ನಿಯಮಗಳನ್ನು ಅಳವಡಿಸಿಕೊಂಡಾಗ ಅದು ಇಂದಿನ ಸ್ವರೂಪದತ್ತ ತಿರುಗಿತು. ವೆಬ್ ಆ ಹೆದ್ದಾರಿಯ ಮೇಲೆ ಓಡುವ ವಾಹನಗಳಲ್ಲೊಂದು. ಇಮೇಲ್ ಅದಕ್ಕಿಂತ ಹಳೆಯದಾದ ಇನ್ನೊಂದು. ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್ಬಿನ ಪ್ರಸ್ತಾವವನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ವೆಬ್ಬಿನ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ನಮ್ಮ ದೇಶದ ಸಾರ್ವಜನಿಕರಿಗೆ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದ ಮೂಲಕ ಅಂತರ್ಜಾಲ ದೊರೆಯಿತು. ಇಷ್ಟು ಚರಿತ್ರೆಗೆ ನಾನು ಒಂದು ತರಗತಿಗಿಂತ ಹೆಚ್ಚು ಕಾಲ ಕೊಡುವುದಿಲ್ಲ.

ಎರಡನೆಯ ತರಗತಿಯಲ್ಲಿ ವಿದ್ಯಾರ್ಥಿಗಳು ನೋಟ್‌ಪ್ಯಾಡಿನಂಥ ಸರಳ ಸಾಧನವನ್ನು ತೆರೆದು ಪುಟವೊಂದನ್ನು ತಾವೇ ಬರೆಯಬೇಕು. ಎಚ್‌ಟಿಎಂಎಲ್ ಎಂಬುದು ಈ ಬರವಣಿಗೆಯ ಪದ್ಧತಿ. ಅದರಲ್ಲಿ ನಿಗೂಢವಾದುದೇನೂ ಇಲ್ಲ. ಇದು ಶಿರೋನಾಮೆ, ಇಲ್ಲಿ ಪ್ಯಾರಾ ಆರಂಭ, ಇಲ್ಲಿ ಮುಗಿಯಿತು, ಈ ಪದದಿಂದ ಆ ಪುಟಕ್ಕೆ ಕೊಂಡಿ, ಎಂದು ಬರಹದ ನಡುನಡುವೆ ಗುರುತು ಹಾಕುತ್ತ ಹೋಗುವುದು. ಹಿಂದೆ ಪತ್ರಿಕಾ ಕಚೇರಿಗಳಲ್ಲಿ ಉಪಸಂಪಾದಕರು ಅಚ್ಚುಮೊಳೆ ಜೋಡಿಸುವವರಿಗಾಗಿ ಹಸ್ತಪ್ರತಿಯ ಅಂಚಿನಲ್ಲಿ ಗುರುತು ಬರೆಯುತ್ತಿದ್ದರಷ್ಟೆ. ಇದೂ ಅದೇ ಜಾತಿಯದು. ಮೊಳೆ ಜೋಡಿಸುವವನ ಸ್ಥಾನದಲ್ಲಿ ಈಗ ಬ್ರೌಸರ್ ಇದೆ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ಅಡ್ಡದಾರಿ ಹಿಡಿಯುತ್ತಾರೆ. ಶಿರೋನಾಮೆಗೆ ಶಿರೋನಾಮೆಯೆಂಬ ಗುರುತು ಹಾಕದೆ, ಅಕ್ಷರಗಳನ್ನು ದಪ್ಪಗೆ, ದೊಡ್ಡದಾಗಿ ಮಾಡಿಬಿಡುತ್ತಾರೆ. ಕಣ್ಣಿಗೆ ಎರಡೂ ಒಂದೇ. ಆದರೆ ದೃಷ್ಟಿ ಇಲ್ಲದವರು ಪುಟವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶದ ನೆರವಿನಿಂದ ಕೇಳುತ್ತಾರೆ. ಶಿರೋನಾಮೆಯಿಂದ ಶಿರೋನಾಮೆಗೆ ನೆಗೆದು ಬೇಕಾದ ಭಾಗವನ್ನು ತಲುಪಿಸುವ ಶಕ್ತಿ ಆ ತಂತ್ರಾಂಶಕ್ಕಿದೆ. ಗುರುತಿಲ್ಲದ ಪುಟ ಅವರ ಪಾಲಿಗೆ ಬಾಗಿಲುಗಳಿಲ್ಲದ ಉದ್ದನೆಯ ಓಣಿ. ಕಿವಿಯೊಂದನ್ನೇ ನಂಬಿ ಈಗ ಕುಳಿತಿರುವ ಬಾನುಲಿಯ ಶ್ರೋತೃಗಳಿಗೆ ಈ ಕಷ್ಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಣ್ಣಿಗೆ ಸರಿ ಕಂಡರೆ ಸಾಕೆಂಬ ಈ ಧೋರಣೆಯಿಂದ ನಮ್ಮ ಕನ್ನಡಕ್ಕೆ ಆದ ನಷ್ಟ ಸಣ್ಣದಲ್ಲ. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿದೀತು. ಕನ್ನಡದ ಅಕ್ಷರಗಳಿಗೆ ಅವುಗಳದೇ ಆದ ಸಂಖ್ಯೆಗಳನ್ನು ಕೊಟ್ಟ ಯೂನಿಕೋಡ್ ಸಂಕೇತ 1991ರಲ್ಲಿಯೇ ಪ್ರಕಟವಾಗಿತ್ತು. ಆದರೆ ಅದು ನಮ್ಮ ಮೇಜುಗಳ ಮೇಲೆ ಬಳಕೆಗೆ ಬರಲು ಎಷ್ಟೋ ವರ್ಷ ಹಿಡಿಯಿತು. ಅದುವರೆಗೆ, ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂಡಿಸಿದ ಫಾಂಟುಗಳಿಂದ ಕೆಲಸ ನಡೆಯಿತು. ಅಂದಿನ ಮಟ್ಟಿಗೆ ಅದು ಜಾಣತನವೇ, ಅದನ್ನು ಹಳಿಯಲಾರೆ. ಎಷ್ಟೋ ಒಳ್ಳೆಯ ಪುಸ್ತಕಗಳು ಆ ಫಾಂಟುಗಳಿಂದಲೇ ಅಚ್ಚಾದುವು. ಆದರೆ ಅದೇ ರೀತಿ ಬರೆದ ಜಾಲಪುಟವನ್ನು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಕನ್ನಡ ಪದವನ್ನು ಕೊಟ್ಟು ಹುಡುಕಿದರೆ ಅದು ಸಿಕ್ಕುವುದೂ ಇಲ್ಲ. ಯಂತ್ರದ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇರಲಿಲ್ಲ!

ಆದಕಾರಣ ನಾನು 'ಕ್ಷ' ಎಂಬ ಅಕ್ಷರವನ್ನು ಹಲಗೆಯ ಮೇಲೆ ಬರೆದು ಬಿಡಿಸಿ ತೋರಿಸುತ್ತೇನೆ. ಕ, ಅದರ ಸ್ವರವನ್ನು ತೆಗೆಯುವ ಹಲಂತ ಚಿಹ್ನೆ, ಅನಂತರ ಷ. ಒಟ್ಟು ಮೂರು ಸಂಕೇತಗಳು. ಇಂದಿನ ಜಾಲಪುಟಗಳ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟುಗಳಂತೆ 9. ಅವನ್ನು ಒತ್ತಕ್ಷರವಾಗಿ ಕೂಡಿಸಿ ತೋರಿಸುವುದು ಬ್ರೌಸರ್ ಮತ್ತು ಫಾಂಟಿನ ಕೆಲಸ. ಬರಹ ಬೇರೆ, ಅದರ ಆಕಾರ ಬೇರೆ ಎಂಬುದು ಈ ಒಂದು ಅಕ್ಷರದಿಂದ ಮನದಟ್ಟಾಗುವಷ್ಟು ನನ್ನ ಉಪನ್ಯಾಸಗಳಿಂದ ಆಗದು. ವ್ಯಾಕರಣದ ತರಗತಿಯಲ್ಲಿ ನಿದ್ರಿಸಿದವರೂ ಇಲ್ಲಿ ಎಚ್ಚರಗೊಳ್ಳುತ್ತಾರೆ.

ಇಷ್ಟೆಲ್ಲ ಶ್ರಮವೇಕೆ, ಸಿದ್ಧ ಮಾದರಿಗಳಿವೆ, ಕೇಳಿದರೆ ಪುಟವನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳಿವೆ, ಈ ಭಾಗವನ್ನು ಕೈಬಿಡೋಣ ಎಂಬ ಸಲಹೆ ಬರುತ್ತಲೇ ಇದೆ. ಯಂತ್ರ ಬರೆಯಲಿ, ನನ್ನ ವಿರೋಧವಿಲ್ಲ. ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಕೆರೆಯ ವಿಚಾರವಾಗಿ ಸೊಗಸಾದ ಕನ್ನಡದಲ್ಲಿ ಬರೆದು, ಅದನ್ನು ಅಂಥದೊಂದು ಸಿದ್ಧ ಮಾದರಿಯಲ್ಲಿ ತುಂಬಿದಳು. ಓದಿಹೇಳುವ ತಂತ್ರಾಂಶ ಅದನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಹೊರಟು ತಡವರಿಸಿತು. ಪುಟದ ಆರಂಭದಲ್ಲಿಯೇ ಅದರ ಭಾಷೆ ಯಾವುದೆಂದು ಹೇಳುವ ಗುರುತೊಂದಿರುತ್ತದೆ; ಮಾದರಿಯಲ್ಲಿ ಅದು ಇಂಗ್ಲಿಷ್ ಎಂದೇ ಇತ್ತು. ಮೊದಲ ಪುಟವನ್ನು ಕೈಯಾರೆ ಬರೆದಿದ್ದ ಹುಡುಗಿಯಾದ್ದರಿಂದ ಎಲ್ಲಿ ನೋಡಬೇಕೆಂಬುದು ಅವಳಿಗೆ ಗೊತ್ತಿತ್ತು. 'ಇ ಎನ್' ಎಂಬುದನ್ನು ಅಳಿಸಿ 'ಕೆ ಎನ್' ಎಂದು ಬರೆದಳು. ಯಂತ್ರ ಕನ್ನಡ ಓದಿತು.

ಬರೆದ ಕಡತ ತನ್ನ ಬಳಿಯೂ ಇರಬೇಕೆಂಬುದು ನಾನು ಹಟದಿಂದ ಹೇಳುವ ಮತ್ತೊಂದು ಮಾತು. 2009ರಲ್ಲಿ ಯಾಹೂ ಕಂಪೆನಿ ಜಿಯೋಸಿಟೀಸ್ ಎಂಬ ಸೇವೆಯನ್ನು ಜಪಾನಿನ ಹೊರಗೆ ಮುಚ್ಚಿದಾಗ, ಜನ ಅಲ್ಲಿ ಕಟ್ಟಿಕೊಂಡಿದ್ದ ಅಸಂಖ್ಯಾತ ಪುಟಗಳು ತಮ್ಮ ನೆಲೆಯನ್ನು ಕಳೆದುಕೊಂಡುವು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಪರದೆಯನ್ನು ಆರಿಸಿರುತ್ತೇವೆ. ಪ್ರತಿಯೊಬ್ಬರ ಪುಟವನ್ನೂ ಇಡೀ ತರಗತಿ ಕೇಳುತ್ತದೆ. ಚಿತ್ರ ಬಂದೆಡೆ ಅದು ಏನೆಂಬ ವಿವರಣೆ ಕಿವಿಗೆ ಬೀಳದಿದ್ದರೆ 2 ಅಂಕಗಳ ಕಡಿತ. ಕೆರೆಯ ಪುಟಕ್ಕೂ ಪೂರ್ಣ ಅಂಕಗಳು ದೊರೆಯಲಿಲ್ಲ. ತೂಬಿನ ಚಿತ್ರಕ್ಕೆ ಅವಳು 'ಚಿತ್ರ ಒಂದು' ಎಂದಷ್ಟೇ ಬರೆದಿದ್ದಳು.